ಹೆಸರು ಕೇಳಿದ ಡಾಕ್ಟರಮ್ಮ

ಮೊನ್ನೆ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಲೋಬಾನದ ವಾಸನೆ ಬಂತು. ಮಂಗಳೂರಿನ ದೇರೆಬೈಲಿನ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿಯಿಂದ ಬಾರದ ವಾಸನೆಯಿಲ್ಲ. ಕೆಳಗಿನವರು ಬಂಗುಡೆ ಮೀನು ಹುರಿದರೆ ಅದು ಚೆನ್ನಾಗಿ ಹುರಿದಿದೆಯೋ ಇಲ್ಲವೋ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಆದರೆ ಇದು ಬೇರೆ. ತೆಂಗಿನ ಗೆರಟೆಯ ಕೆಂಡ, ಅದರ ಮೇಲೆ ಲೋಬಾನ, ಜೊತೆಗೆ ಎಳೆ ತಲೆಗೆ ಹಚ್ಚಿದ ತೆಂಗಿನೆಣ್ಣೆಯ ವಾಸನೆ... ಎದುರುಮನೆಯ ಹುಡುಗಿ ಹೆರಿಗೆಯಾಗಿ ತಾಯಿಮನೆಗೆ ಬಂದಿದ್ದಾಳೆ ಎಂಬುದೇ ನನಗೆ ಮರೆತುಹೋಗಿತ್ತು. ಮಗುವನ್ನು ಮೀಯಿಸಿ ಹೊಗೆ ಕೊಡುತ್ತಿದ್ದಾರೆ.

ನಾನು ಎದ್ದು ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಡಾಕ್ಟರಮ್ಮ ಇದ್ದಿದ್ದರೆ ಕನ್ನಡಕದ ಮೇಲಿನಿಂದ ನೋಡಿ, "ಕಿಟಕಿ ಮುಚ್ಚಿದರೆ ಎಂತ ಆಯ್ತು ಮಾರಾಯ್ತಿ? ಹೊಗೆ ಅಲ್ಲಿ ಉಂಟಲ್ಲ" ಎನ್ನುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುವುದು ಅವರಿಗೆ ಆಗುತ್ತಿರಲಿಲ್ಲ. ಬಲ್ಮಠದಲ್ಲಿ ಮನೆ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ನಮ್ಮ ಕಡೆ ಬಾಯಮ್ಮ ಎಂದು ಕರೆಯುವಂಥವರು. ಮದುವೆಯಾಗಿರಲಿಲ್ಲ. ಡಾಕ್ಟರೆಂದರೂ ನಾಡಿ ಹಿಡಿಯುವ, ಔಷಧಿ ಬರೆಯುವ ಡಾಕ್ಟರಲ್ಲ. ದೇಹದಿಂದ ತೆಗೆದ ಚೂರುಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗೆ ಏನಾಗಿದೆ ಎಂದು ಹೇಳುವುದು ಅವರ ಕೆಲಸ. "ನನ್ನ ಪೇಷಂಟುಗಳು ಯಾರೂ ಮಾತಾಡುವುದಿಲ್ಲ. ಹಾಗಾಗಿ ಅವರದ್ದೂ ಸೇರಿಸಿ ನಾನೇ ಮಾತಾಡ್ತೇನೆ" ಎಂದು ಒಮ್ಮೆ ಹೇಳಿದ್ದರು. ಅವರನ್ನು ನಾನು ಕಂಡದ್ದು ಇಪ್ಪತ್ತು ವರ್ಷಗಳ ಹಿಂದೆ, ನನ್ನ ಮೊದಲ ಮಗಳು ತೀರಿಕೊಂಡ ಎರಡು ತಿಂಗಳ ನಂತರ.

ಆಗ ನಾವಿದ್ದದ್ದು ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ. ವಿಮಾನ ಇಳಿಯುವಾಗ ಅಡುಗೆಮನೆಯ ಡಬ್ಬಗಳು ಅಲುಗುತ್ತಿದ್ದವು. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ನಾನು, ಅತ್ತೆ, ಮತ್ತು ಮೂರು ತಿಂಗಳಿಗೆ ನಾಲ್ಕು ದಿನ ಕಡಿಮೆಯಿದ್ದ ನನ್ನ ಮಗಳು. ಅತ್ತೆಯನ್ನು ನಾನು ತುಳುವಿನಲ್ಲಿ ಮಾಮಿ ಎಂದೇ ಕರೆಯುತ್ತಿದ್ದೆ. ಮಗುವನ್ನು ಮೀಯಿಸುವುದರಲ್ಲಿ ಮಾಮಿಯದು ಎತ್ತಿದ ಕೈ. ಎರಡೂ ಕಾಲು ನೀಡಿ ಮಣೆಯ ಮೇಲೆ ಕುಳಿತು, ಮಗುವನ್ನು ಕಾಲಿನ ಮೇಲೆ ಮಲಗಿಸಿ ಅವರು ಎಣ್ಣೆ ತಿಕ್ಕುವಾಗ ಅಕ್ಕಪಕ್ಕದ ಮನೆಯ ಹೊಸ ತಾಯಂದಿರು ನೋಡಲಿಕ್ಕೆ ಬರುತ್ತಿದ್ದರು.

ಇನ್ನೊಂದು ವಸ್ತುವಿನ ಬಗ್ಗೆ ಹೇಳಬೇಕು. ಗಲ್ಫಿನಿಂದ ಗಂಡ ತಂದ ಕಂಬಳಿ. ಆ ದಪ್ಪ ಕಂಬಳಿ, ಅದರ ಮೇಲೆ ದೊಡ್ಡ ಹುಲಿಯ ಚಿತ್ರ. ನಮ್ಮ ಕಡೆ ಗಲ್ಫಿಗೆ ಹೋದವರ ಮನೆಯಲ್ಲೆಲ್ಲ ಅದು ಇತ್ತು. ಮಂಗಳೂರಿನ ಸೆಕೆಗೆ ಅದನ್ನು ಹೊದೆಯುವುದು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಹೊದೆಯಲಿಕ್ಕೆ ಇದ್ದದ್ದೇ ಅಲ್ಲ, ಪ್ಲಾಸ್ಟಿಕ್ ಚೀಲದೊಳಗೆ ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸಲಿಕ್ಕೆ ಇದ್ದದ್ದು. ಮಗುವಿಗೆ ನೆಗಡಿ ಎಂದು ಫೋನಿನಲ್ಲಿ ಹೇಳಿದಾಗ ಗಂಡನೇ, "ಆ ಬ್ಲಾಂಕೆಟ್ ಎಂತಕ್ಕೆ ಇರುವುದು? ತೆಗೆದು ಮಗುವಿಗೆ ಹಾಕು" ಎಂದ. ನನಗೂ ಸಂತೋಷವಾಯಿತು. ಅಪ್ಪ ದೂರದಿಂದಲೇ ಮಗಳನ್ನು ಬೆಚ್ಚಗಿಟ್ಟ ಹಾಗೆ ಅನಿಸಿತು.

ಆಟಿ ತಿಂಗಳು, ಜೋರು ಮಳೆಗಾಲ. ಮೂರು ದಿನದ ನೆಗಡಿ. ಮೂಗು ಸ್ವಲ್ಪ ಕಟ್ಟಿತ್ತು, ಮೈ ಸ್ವಲ್ಪ ಬಿಸಿ, ಅಷ್ಟೇ. ಹಾಲು ಕುಡಿಯುತ್ತಿದ್ದಳು, ನಗುತ್ತಿದ್ದಳು. ನೆಗಡಿ ಇದೆಯೆಂದು ಮಾಮಿ ಆ ದಿನ ಲೋಬಾನವನ್ನು ಒಂದು ಹಿಡಿ ಜಾಸ್ತಿಯೇ ಹಾಕಿ ಹೊಗೆ ಕೊಟ್ಟರು. ಗಾಳಿ ಬೇಡವೆಂದು ಕಿಟಕಿ ಮುಚ್ಚಿದವಳು ನಾನು. ಸೊಳ್ಳೆ ಕಚ್ಚಬಾರದೆಂದು ಕಾಯಿಲ್ ಹಚ್ಚಿದವಳೂ ನಾನು. ಮಂಚದಲ್ಲಿ ಮಲಗಿ ಹಾಲು ಕೊಡುತ್ತಿದ್ದಾಗ ನನಗೆ ಜೊಂಪು ಹತ್ತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದು, ಮಗುವನ್ನು ನೆಲದ ಮೇಲೆ ಆ ಕಂಬಳಿ ಮಡಚಿ ಹಾಸಿ, ಕವುಚಿ ಮಲಗಿಸಿದೆ. ಕವುಚಿ ಮಲಗಿಸಿದರೆ ಅವಳು ಬೇಗ ಏಳುತ್ತಿರಲಿಲ್ಲ. ಕಂಬಳಿಯ ಇನ್ನೊಂದು ಮಡಿಕೆಯನ್ನು ಬೆನ್ನಿನ ಮೇಲೆ ಎಳೆದೆ. ಊಟ ಮುಗಿಸಿ, ಪಾತ್ರೆ ತೊಳೆದು ಬಂದೆ...

ಉಳಿದದ್ದನ್ನು ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ನೋಡಿದವರು ತಲೆಯಾಡಿಸಿದರು. ಮನೆಯಲ್ಲಿ ಹೀಗೆ ಸತ್ತರೆ ಪೊಲೀಸರಿಗೆ ತಿಳಿಸಬೇಕು, ಪೋಸ್ಟ್‌ಮಾರ್ಟಂ ಆಗಬೇಕು ಎಂದರು. ಗಂಡನ ಸೋದರಮಾವ, ನಮ್ಮಲ್ಲಿ ಅವರ ಮಾತೇ ಕೊನೆ, ಯಾರನ್ನೋ ಹಿಡಿದು ಅದನ್ನು ತಪ್ಪಿಸಲಿಕ್ಕೆ ಓಡಾಡುತ್ತಿದ್ದರು. "ಅಷ್ಟು ಸಣ್ಣ ಬಾಲೆಯನ್ನು ಕುಯ್ಯುವುದಾ?" ಎಂದು ಮಾಮಿ ಗೋಡೆಗೆ ತಲೆಯಿಟ್ಟು ಅಳುತ್ತಿದ್ದರು. ಆಗ ಬೆಂಚಿನ ಆ ತುದಿಯಲ್ಲಿ ಕುಳಿತಿದ್ದ, ಯಾರೋ ಏನೋ, ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿತು. "ಹಾಲು ಕೊಡ್ತಾ ನಿದ್ದೆ ಹೋಗಿರಬೇಕು. ಮಗು ಮೈಯಡಿಗೆ ಸಿಕ್ಕಿತೋ ಎಂತದೋ."

ನಾನು ಎದ್ದು ಹೋಗಿ, "ಪೋಸ್ಟ್‌ಮಾರ್ಟಂ ಮಾಡಿ" ಎಂದೆ. ಎಲ್ಲರೂ ನನ್ನನ್ನು ನೋಡಿದರು. ಎಂಥ ಕಲ್ಲು ಹೃದಯ ಎಂದುಕೊಂಡಿರಬೇಕು. ನನಗೆ ಗೊತ್ತಾಗಬೇಕಿತ್ತು, ಅಷ್ಟೇ. ನನ್ನ ಮಗಳನ್ನು ನಾನೇ ಕೊಂದೆನೋ ಇಲ್ಲವೋ, ಅದು ಗೊತ್ತಾಗದೆ ಮುಂದಿನ ಒಂದು ದಿನವನ್ನೂ ನಾನು ಬದುಕಲಾರದವಳಾಗಿದ್ದೆ.

ಗಂಡ ಮರುದಿನದ ವಿಮಾನದಲ್ಲಿ ಬಂದ, ಹದಿನೈದು ದಿನ ಇದ್ದು ಹೋದ. ನಾವು ಮಾತಾಡಲಿಲ್ಲ. ಮನೆಯಲ್ಲಿ ಅವಳ ಹೆಸರು ಹೇಳುವುದು ತಾನಾಗಿಯೇ ನಿಂತುಹೋಯಿತು. ತೀರಾ ಹೇಳಬೇಕಾದರೆ "ಆ ಬಾಲೆ" ಎನ್ನುತ್ತಿದ್ದರು. ರಿಪೋರ್ಟು ಮಾತ್ರ ಬರಲಿಲ್ಲ. ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದಾರೆ, ಬರಲಿಕ್ಕೆ ಹೊತ್ತಾಗುತ್ತದೆ ಎಂದರು. ನಾನು ಬಸ್ಸು ಹತ್ತಿ ಹೋಗುವುದು, ಕೌಂಟರಿನವನು "ಅದು ಪೊಲೀಸ್ ಸ್ಟೇಷನ್ನಿಗೆ ಹೋಗ್ತದೆ, ನಿಮಗೆ ಕೊಡ್ಲಿಕ್ಕೆ ಆಗುವುದಿಲ್ಲ" ಎನ್ನುವುದು, ನಾನು ವಾಪಸು ಬರುವುದು. ಮೂರನೇ ಸಲ ನಾನು ಹಿಂದೆ ಬರಲಿಲ್ಲ. ಕೇಳುತ್ತ ಕೇಳುತ್ತ ಒಂದು ಉದ್ದ ಕಾರಿಡಾರಿನ ಕೊನೆಯ ಬಾಗಿಲಿಗೆ ಹೋಗಿ ನಿಂತೆ.

ಒಳಗಿಂದ ಯಾರನ್ನೋ ಬೈಯುತ್ತಿದ್ದ ಸ್ವರ ಕೇಳುತ್ತಿತ್ತು. ಬಾಗಿಲು ತೆರೆಯಿತು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ, ಬಿಳಿ ಕೋಟಿನ ಜೇಬಿನಲ್ಲಿ ಕುಂಕುಮದಂಥ ಕಲೆಯಿದ್ದ, ಐವತ್ತು ದಾಟಿದ ಗಿಡ್ಡ ಹೆಂಗಸು.

"ಎಂತ ಬೇಕಿತ್ತಮ್ಮ?"

ನಾನು ಹೇಳಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಅಯ್ಯೋ ಪಾಪ ಎನ್ನಲಿಲ್ಲ. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಕರಗಿದ ಮೇಣ ಮತ್ತು ಕಣ್ಣು ಉರಿಸುವ ಯಾವುದೋ ದ್ರಾವಣದ ವಾಸನೆ. ದೊಡ್ಡ ಪುಸ್ತಕವೊಂದನ್ನು ತೆರೆದು ಬೆರಳು ಎಳೆಯುತ್ತ ಹೋಗಿ ಒಂದು ನಂಬರಿನ ಮೇಲೆ ನಿಲ್ಲಿಸಿದರು. ಆಮೇಲೆ ಕೇಳಿದರು.

"ಮಗುವಿನ ಹೆಸರೆಂತ?"

ಎರಡು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. "ದೀಕ್ಷಾ" ಎಂದೆ. ಅವರು ನಂಬರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದುಕೊಂಡರು. ಆ ಪುಟದಲ್ಲಿ ಇನ್ನೂ ಕೆಲವು ನಂಬರುಗಳ ಪಕ್ಕದಲ್ಲಿ ಹಾಗೆಯೇ ಪೆನ್ಸಿಲಿನ ಹೆಸರುಗಳಿದ್ದವು. ನಾನು ಅಳಲಿಕ್ಕೆ ಶುರುಮಾಡಿದೆ. ಅವರು ತಡೆಯಲಿಲ್ಲ. ಸಕ್ಕರೆಯಿಲ್ಲದ, ಬಾಯಿಗಿಡಲಾಗದಂಥ ಚಹಾ ತರಿಸಿ ಮುಂದಿಟ್ಟರು.

ಆಮೇಲೆ ಅವರು ಕೇಳಲಿಕ್ಕೆ ತೊಡಗಿದರು. ಪೊಲೀಸರು ಕೂಡ ಅಷ್ಟು ಕೇಳಿರಲಿಲ್ಲ. ಕೋಣೆ ಎಷ್ಟು ದೊಡ್ಡದು, ಕಿಟಕಿ ಎಲ್ಲಿ, ತೆರೆದಿತ್ತಾ? ಮೈಮೇಲೆ ಎಂತ ಬಟ್ಟೆ? ಹೊಗೆ ಯಾವಾಗ ಕೊಟ್ಟದ್ದು? ನೆಗಡಿ ಮೊದಲು ಬಂದದ್ದು ಯಾರಿಗೆ? ಒಂದು ಹಾಳೆಯಲ್ಲಿ ನಮ್ಮ ಕೋಣೆಯ ನಕ್ಷೆ ಬರೆದರು. ನಾನು ಉತ್ತರ ಹೇಳುತ್ತ ಹೇಳುತ್ತ, ಕೊನೆಗೆ ಬಂದೇ ಬರುವ ಪ್ರಶ್ನೆಗೆ ಕಾಯುತ್ತಿದ್ದೆ. ಅವರು ಕೇಳದಿದ್ದಾಗ ನಾನೇ ಹೇಳಿಬಿಟ್ಟೆ. "ಮೇಡಂ, ನಾನು ನಿದ್ದೆ ಮಾಡಿದ್ದೆ. ಎದ್ದಾಗ ಅವಳು ಬದುಕಿದ್ದಳೋ ಇಲ್ಲವೋ ನನಗೆ ನೆನಪಿಲ್ಲ. ನಾನೇ..."

ಅವರು ಪೆನ್ಸಿಲು ಕೆಳಗಿಟ್ಟರು. ನಂತರ ಕೇಳಿದ್ದು ಇದು: "ಆ ದಿನ ಸಂಜೆ ಆಸ್ಪತ್ರೆಯಿಂದ ಮನೆಗೆ ಹೋದಾಗ ಒಗೆಯುವ ಬಕೆಟಿನಲ್ಲಿ ಎಷ್ಟು ಬಟ್ಟೆ ಇತ್ತು?"

ನನಗೆ ಅರ್ಥವಾಗಲಿಲ್ಲ. ಇದೆಂಥ ಹೆಂಗಸು, ಮಗು ಸತ್ತದ್ದರ ಬಗ್ಗೆ ಕೇಳಿದರೆ ಒಗೆಯುವ ಬಟ್ಟೆಯ ಬಗ್ಗೆ ಕೇಳುತ್ತಾಳಲ್ಲ ಎಂದು ಸಿಟ್ಟೇ ಬಂತು. ಆದರೂ ಯೋಚಿಸಿದೆ. ಬೆಳಗ್ಗಿನದೆಲ್ಲ ಒಗೆದು ಹರಡಿಯಾಗಿತ್ತು. ಬಕೆಟಿನಲ್ಲಿ ಒಂದೇ ಒಂದು ಲಂಗೋಟಿ ಇತ್ತು. ಮರುದಿನ ಮಾಮಿ ಅದನ್ನು ಎದೆಗೊತ್ತಿಕೊಂಡು ಕುಳಿತದ್ದು ನೆನಪಾಯಿತು.

"ಒಂದು."

"ಅದು ಯಾವಾಗಿನದ್ದು?"

"ನಾನು ಎದ್ದಾಗ... ಮೈ ಒದ್ದೆ ಮಾಡಿದ್ದಳು. ಬದಲಾಯಿಸಿದೆ. ಲಂಗೋಟಿ ಕಟ್ಟಲಿಕ್ಕೆ ಬಿಡುವುದೇ ಇಲ್ಲ ಅವಳು, ಕಾಲು..." ನಾನು ಅಲ್ಲಿಗೆ ನಿಂತೆ.

"ಕಾಲು ಎಂತ ಮಾಡಿದಳು?"

"ಒದ್ದಳು. ನನ್ನ ಕೈಗೆ ಒದ್ದಳು ಮೇಡಂ. ಬಳೆಗೆ ತಾಗಿತು."

"ಹಾಗಾದರೆ ನೀನು ಎದ್ದಾಗ ದೀಕ್ಷಾ ಬದುಕಿದ್ದಳು" ಎಂದರು ಡಾಕ್ಟರಮ್ಮ. ಅಷ್ಟು ಹೊತ್ತು ನೀವು ಎನ್ನುತ್ತಿದ್ದವರು ಆಗ ಮೊದಲ ಸಲ ನೀನು ಎಂದರು.

ಈಗಲೂ ನನಗೆ ಆಶ್ಚರ್ಯ. ಆ ಒದೆತವನ್ನು ನಾನು ಹೇಗೆ ಮರೆತೆ? ಬೆಂಚಿನ ಮೇಲಿನ ಒಬ್ಬ ಹೆಂಗಸಿನ ಒಂದು ಮಾತು ನನ್ನ ಕೈಗೆ ತಾಗಿದ ನನ್ನ ಮಗಳ ಕಾಲನ್ನು ಅಳಿಸಿಹಾಕಿತ್ತು. ಡಾಕ್ಟರಮ್ಮ ಅದನ್ನು ಹುಡುಕಿ ನನಗೆ ವಾಪಸು ಕೊಟ್ಟರು. ಅವರು ಇನ್ನೇನನ್ನೂ ಮಾಡದಿದ್ದರೂ ಇದೊಂದಕ್ಕೆ ನಾನು ಜೀವವಿರುವವರೆಗೆ ಅವರಿಗೆ ಕೈಮುಗಿಯುತ್ತೇನೆ.

ಆಮೇಲೆ ಸ್ಲೈಡು ತೋರಿಸಿದರು. ನೋಡುವುದಾದರೆ ನೋಡು, ಬೇಡವಾದರೆ ಬೇಡ ಎಂದರು. ನೋಡಿದೆ. ತಿಳಿ ಗುಲಾಬಿ ಬಣ್ಣದಲ್ಲಿ ಉಸಿರಿನ ಒಂದು ಸಣ್ಣ ದಾರಿ, ಅದರ ಸುತ್ತ ನೇರಳೆ ಚುಕ್ಕೆಗಳು. ಚುಕ್ಕೆಗಳು ಅಷ್ಟು ಇರಬಾರದಿತ್ತಂತೆ. ಹಾಗೆಂದು ಸಾಯುವಷ್ಟೂ ಇಲ್ಲವಂತೆ.

"ಇದಕ್ಕೆ ಉರಿಯೂತ ಅಂತ ಹೇಳ್ತಾರೆ" ಎಂದರು. ನೆಗಡಿ ಬಂದರೆ ಮೈ ಒಳಗೆ ಉರಿ ಹೊತ್ತಿಸಿ ಅದನ್ನು ಓಡಿಸುತ್ತದೆ, ಅದು ಒಳ್ಳೆಯದೇ. ಆದರೆ ಒಂದೇ ಸೌದೆಗೆ ಎಲ್ಲ ಒಲೆಯಲ್ಲೂ ಒಂದೇ ಉರಿ ಏಳುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ಬೇಕಾದ್ದಕ್ಕಿಂತ ಜೋರಾಗಿ ಏಳುತ್ತದೆ, ಕೆಲವರಲ್ಲಿ ಇಳಿಯಬೇಕಾದಾಗ ಇಳಿಯುವುದಿಲ್ಲ. ಅದು ಅಪ್ಪ ಅಮ್ಮನ ರಕ್ತದಿಂದ, ಅವರ ಹಿಂದಿನವರಿಂದ ಬಂದದ್ದಿರಬಹುದು, ಕಣ್ಣಿನ ಬಣ್ಣ ಬಂದ ಹಾಗೆ. ಅಂಥ ಮಗುವಿಗೆ ನೆಗಡಿಯ ಹೊತ್ತಿನಲ್ಲೇ ಹೊಗೆ, ಮುಚ್ಚಿದ ಕೋಣೆ, ಕಂಬಳಿಯ ಸೆಕೆ, ಮುಖ ಕೆಳಗೆ ಮಾಡಿದ ನಿದ್ದೆ ಎಲ್ಲ ಒಟ್ಟಿಗೆ ಬಂದರೆ... ಬೇರೆ ಮಗುವಾದರೆ ಉಸಿರು ಕಟ್ಟಿದಾಗ ಎಚ್ಚರಾಗಿ ಅಳುತ್ತದೆ. ಇಂಥ ಮಗು ಏಳುವುದಿಲ್ಲ.

"ಇದೇ ಆದದ್ದು ಅಂತ ಖಂಡಿತ ಹೇಳ್ತೀರಾ ಮೇಡಂ?"

"ಇಲ್ಲ. ಉಸಿರು ಕಟ್ಟಿ ಸತ್ತದ್ದಾ, ಉಸಿರು ತಾನಾಗಿಯೇ ನಿಂತದ್ದಾ, ಸ್ಲೈಡ್ ನೋಡಿ ಮಾತ್ರ ಯಾರಿಗೂ ಹೇಳ್ಲಿಕ್ಕೆ ಬರುವುದಿಲ್ಲ. ಅಪ್ಪ ಅಮ್ಮನ ರಕ್ತದಿಂದ ಬಂದದ್ದನ್ನು ನೋಡುವ ಪರೀಕ್ಷೆ ನಮ್ಮಲ್ಲಿ ಇಲ್ಲ. ಇರುವವರು ಕೂಡ ಇನ್ನೂ ಕಲೀತಾ ಇದ್ದಾರೆ. ನನಗೆ ಗೊತ್ತಿರುವಷ್ಟು ಹೇಳಿದೆ. ಪೂರ್ತಿ ಗೊತ್ತುಂಟು ಅಂತ ಯಾರಾದರೂ ಬಂದರೆ ನಂಬಬೇಡ."

ಅಲ್ಲಿಯವರೆಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ದೃಷ್ಟಿ ಎಂದರು, ಹಾಲು ನೆತ್ತಿಗೇರಿತು ಎಂದರು, ದೈವಕ್ಕೆ ಹರಕೆ ಬಾಕಿಯಿದೆ ಎಂದರು. ಗೊತ್ತಿಲ್ಲ ಎಂದವರು ಇವರೊಬ್ಬರೇ, ಮತ್ತು ನನಗೆ ನಂಬಿಕೆ ಬಂದದ್ದು ಇವರ ಮೇಲೆ ಮಾತ್ರ.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಥೆ. ಆದರೆ ನಾನು ಅಷ್ಟು ಒಳ್ಳೆಯವಳಲ್ಲ.

ಬಜಪೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಎರಡು ತಿಂಗಳ ನಂತರ ಎದೆ ಹಗುರವಾಗಿತ್ತು. ಹಗುರವಾದ ಜಾಗ ಖಾಲಿ ಉಳಿಯಲಿಲ್ಲ. ಹೊಗೆ ಎಂದರಲ್ಲ ಡಾಕ್ಟರಮ್ಮ? ಹೊಗೆ ಕೊಟ್ಟದ್ದು ಯಾರು? ಒಂದು ಹಿಡಿ ಜಾಸ್ತಿ ಹಾಕಿದ್ದು ಯಾರು? ಕಾಯಿಲ್ ಹಚ್ಚಿದ್ದು, ಕಿಟಕಿ ಮುಚ್ಚಿದ್ದು, ಕವುಚಿ ಮಲಗಿಸಿದ್ದು ನನಗೆ ನೆನಪೇ ಆಗಲಿಲ್ಲ. ಬಸ್ಸು ಬಜಪೆ ಮುಟ್ಟುವಾಗ ನನ್ನ ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು. ಮನೆಯೊಳಗೆ ಕಾಲಿಟ್ಟವಳೇ, ಅಕ್ಕಿ ಆರಿಸುತ್ತಿದ್ದ ಮಾಮಿಯ ಮುಂದೆ ನಿಂತು ಹೇಳಿದೆ: "ಡಾಕ್ಟ್ರು ಹೇಳಿದ್ರು. ನಿಮ್ಮ ಹೊಗೆಯಿಂದ ಆದದ್ದು."

ಮಾಮಿ ಗೆರಸೆ ಕೆಳಗಿಟ್ಟು ಎದ್ದು ಒಳಗೆ ಹೋದರು. ಮರುದಿನದಿಂದ ಅವರು ನನ್ನೊಡನೆ ಊಟಕ್ಕೆ ಕೂರಲಿಲ್ಲ. ದೇವರ ದೀಪಕ್ಕೂ ಕಡ್ಡಿ ಗೀರುತ್ತಿರಲಿಲ್ಲ, ನನ್ನಿಂದಲೇ ಹಚ್ಚಿಸುತ್ತಿದ್ದರು. ನಾನು ಗೆದ್ದೆ ಎಂದುಕೊಂಡೆ. ಆ ಗೆಲುವಿನಲ್ಲೇ ಡಾಕ್ಟರಮ್ಮನಿಗೆ ಫೋನು ಮಾಡಿ, ಅತ್ತೆಗೆ ಹೇಳಿಯಾಯಿತು ಮೇಡಂ ಎಂದೆ. "ಆದಿತ್ಯವಾರ ಮನೆಯಲ್ಲಿ ಇರಿ, ಎಲ್ಲರೂ" ಎಂದು ಫೋನಿಟ್ಟರು.

ಆದಿತ್ಯವಾರ ಪೂಜೆ ಮುಗಿಸಿ, ಚರ್ಚಿಗೆ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಬಂದರು. ಕೈಯಲ್ಲಿ ಕೊಡೆ, ಅವರು ಬರೆದಿದ್ದ ಆ ನಕ್ಷೆ. ಬಂದವರೇ ಸೋದರಮಾವನನ್ನೂ ಕರೆಸಿದರು. ಕೋಣೆ ನೋಡಿದರು, ಕಿಟಕಿ ತೆರೆದು ಮುಚ್ಚಿ ನೋಡಿದರು, ಹುಲಿಯ ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದು ಮಂಗಳೂರಿಗೆ ಎಂತಕ್ಕೆ ಮಾರಾಯ್ರೆ?" ಎಂದರು. ಅಷ್ಟು ಹೊತ್ತಾದರೂ ಮಾಮಿ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಡಾಕ್ಟರಮ್ಮ ತಾವೇ ಒಳಗೆ ಹೋದರು.

"ಅಮ್ಮಾ, ಮಗುವನ್ನು ಹೇಗೆ ಮೀಯಿಸುವುದು, ನನಗೆ ಒಮ್ಮೆ ತೋರಿಸ್ತೀರಾ? ನಾನು ಮಕ್ಕಳಿಲ್ಲದವಳು, ನನಗೆ ಗೊತ್ತಿಲ್ಲ."

ನನಗೆ ಹೆದರಿಕೆಯಾಯಿತು. ಮಾಮಿ ಮಣೆ ಎಳೆದುಕೊಂಡು ಕುಳಿತರು. ಡಾಕ್ಟರಮ್ಮ ಒಂದು ಟವೆಲನ್ನು ಸುತ್ತಿ ಅವರ ಕಾಲಿನ ಮೇಲಿಟ್ಟರು. ಮಾಮಿಯ ಕೈ ತಾನಾಗಿಯೇ ಕೆಲಸ ಶುರುಮಾಡಿತು. ಎಣ್ಣೆ ನೆತ್ತಿಗೆ, ಆಮೇಲೆ ಕಿವಿಯ ಹಿಂದೆ, ಆಮೇಲೆ ಒಂದೊಂದು ಬೆರಳು. ನೀರು ಕಣ್ಣಿಗೆ ಹೋಗದಂತೆ ಹಣೆಗೆ ಅಡ್ಡ ಹಿಡಿದ ಅಂಗೈ. ಖಾಲಿ ಟವೆಲಿನ ಹಣೆಗೆ ಅವರು ಹಾಗೆ ಅಂಗೈ ಅಡ್ಡ ಹಿಡಿದದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಜೀವನದಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಮಾಮಿ ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬಿಕ್ಕಿದರು. "ನಾನೇ ಹೊಗೆ ಕೊಟ್ಟದ್ದು, ಡಾಕ್ಟ್ರು ಬಾಯಮ್ಮ. ನನ್ನ ನಾಲ್ಕು ಮಕ್ಕಳಿಗೂ ಕೊಟ್ಟಿದ್ದೆ. ಏನೂ ಆಗಿರ್ಲಿಲ್ಲ."

"ಅದೊಂದರಿಂದಲೇ ಆಗುವುದಿಲ್ಲ" ಎಂದರು ಡಾಕ್ಟರಮ್ಮ. ಆ ಅಡುಗೆಮನೆಯ ನೆಲದಲ್ಲೇ ಕುಳಿತು, ಎಲ್ಲರನ್ನೂ ಕೂರಿಸಿ, ನನಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಒಂದೇ ವ್ಯತ್ಯಾಸ, ಈ ಸಲ ಪ್ರತಿಯೊಂದರ ಜೊತೆ ಒಬ್ಬೊಬ್ಬರನ್ನು ಸೇರಿಸಿದರು. "ಹೊಗೆ ನೀವು ಕೊಟ್ಟದ್ದು, ನೆಗಡಿ ಬೇಗ ಹೋಗಲಿ ಅಂತ. ಕಂಬಳಿ ಅವಳ ಅಪ್ಪ ಹೇಳಿದ್ದು, ಚಳಿ ಆಗಬಾರದು ಅಂತ. ಕಾಯಿಲು, ಕಿಟಕಿ, ಕವುಚಿ ಮಲಗಿಸಿದ್ದು ಇವಳು, ಮಗು ನಿದ್ದೆ ಮಾಡಲಿ ಅಂತ. ರಕ್ತ ಎರಡೂ ಮನೆಯದ್ದು. ಇದರಲ್ಲಿ ಒಂದೊಂದೇ ಆದರೆ ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ. ದೀಕ್ಷಾನಿಗೆ ಎಲ್ಲ ಒಂದೇ ದಿನ ಸಿಕ್ಕಿತು. ಇನ್ನೊಂದು ಮಗು ಬಂದಾಗ ಇದರಲ್ಲಿ ನಮ್ಮ ಕೈಯಲ್ಲಿ ಇರುವುದನ್ನು ಬಿಡುವ. ರಕ್ತ ನಮ್ಮ ಕೈಯಲ್ಲಿ ಇಲ್ಲ, ಹೊಗೆ ಉಂಟು."

ದೀಕ್ಷಾ ಎಂಬ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿದ್ದು ಅಂದು. ಗಂಡನಿಗೂ ಫೋನು ಮಾಡಿಸಿ ಅವರೇ ಮಾತಾಡಿದರು. ಅವನು ಆ ಕಡೆ ಅತ್ತದ್ದು ನಮಗೆಲ್ಲ ಕೇಳಿತು.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ನಾನೇ ಹೋದೆ. ಬೈಗುಳಕ್ಕೆ ತಯಾರಾಗಿದ್ದೆ. ಸಿಕ್ಕಿತು ಕೂಡ. "ನಿನ್ನ ತಲೆಯ ಹೊರೆ ಇಳಿಸಿದ್ದು ಅತ್ತೆಯ ತಲೆಗೆ ಹೊರಿಸ್ಲಿಕ್ಕೆ ಅಲ್ಲ" ಎಂದರು. ಆಮೇಲೆ ಬಸ್ಸು ಬರುವ ಕಡೆ ನೋಡುತ್ತ, "ತಪ್ಪು ನನ್ನದೂ ಉಂಟು. ನಿನಗೊಬ್ಬಳಿಗೆ ಹೇಳಿ ಕಳಿಸಬಾರದಿತ್ತು" ಎಂದರು. ಅಷ್ಟು ದೊಡ್ಡ ಡಾಕ್ಟರು, ಕಂಬಕ್ಕೆ ಒರಗಿ ನಿಂತು ನನ್ನಂಥವಳ ಹತ್ತಿರ ತಪ್ಪು ನನ್ನದು ಎಂದದ್ದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಆಮೇಲೆ ಇಂಥ ಸಾವು ಬಂದಾಗಲೆಲ್ಲ ಅವರು ಆ ಮನೆಗೇ ಹೋಗಿ ಎಲ್ಲರನ್ನೂ ಕೂರಿಸಿ ಹೇಳುತ್ತಿದ್ದರು ಎಂದು ಅವರ ಕೈಕೆಳಗಿನವರಿಂದ ತಿಳಿಯಿತು. ಅದು ಅವರ ಕೆಲಸವಾಗಿರಲಿಲ್ಲ. ಯಾರೂ ಹೇಳಿರಲೂ ಇಲ್ಲ.

ಎರಡು ವರ್ಷದ ಮೇಲೆ ಎರಡನೇ ಮಗಳು ಹುಟ್ಟಿದಳು. ಅವಳನ್ನು ಕಾದದ್ದು ಮಾಮಿ. ಹೊಗೆಯಿಲ್ಲ, ಕಾಯಿಲಿಲ್ಲ, ಸೊಳ್ಳೆಪರದೆ ಮಾತ್ರ. ಅಂಗಾತ ಮಲಗಿಸುವುದು, ತೆಳ್ಳಗಿನ ಹತ್ತಿಯ ಬಟ್ಟೆ, ಕಿಟಕಿ ತೆರೆದದ್ದು. ಸೋದರಮಾವ ಬೀಡಿ ಸೇದಬೇಕಾದರೆ ಗೇಟಿನ ಹೊರಗೆ. ಹೊಗೆ ಕೊಡದೆ ಮೀಯಿಸುವುದು ಎಂಥ ಮೀಯಿಸುವುದು ಎಂದು ನಕ್ಕ ನೆರೆಯವರಿಗೆ ಮಾಮಿ, "ಡಾಕ್ಟ್ರು ಬಾಯಮ್ಮ ಹೇಳಿದ್ದಾರೆ" ಎಂದು ಗತ್ತಿನಿಂದ ಹೇಳುತ್ತಿದ್ದರು. ಮಗಳ ಮೊದಲ ಹುಟ್ಟುಹಬ್ಬಕ್ಕೆ ಬಂದ ಡಾಕ್ಟರಮ್ಮ ಪಾಯಸ ಸಿಹಿ ಜಾಸ್ತಿ ಎಂದು ದೂರಿ ಎರಡು ಲೋಟ ಕುಡಿದರು. ಹೋಗುವಾಗ ಯಾರೋ ನನ್ನನ್ನು, "ಒಬ್ಬಳೇ ಮಗಳಾ?" ಎಂದು ಕೇಳಿದರು. "ಹೌದು, ಒಬ್ಬಳೇ" ಎಂದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಡಾಕ್ಟರಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಅವರು ಮಾತಾಡದೆ ಹೋದದ್ದು ನನಗೆ ಗೊತ್ತಿರುವ ಹಾಗೆ ಅದೊಂದೇ ಸಲ.

ಮಾಮಿ ತೀರಿಕೊಂಡರು. ಗಂಡ ಗಲ್ಫ್ ಬಿಟ್ಟು ಬಂದು ನಾವು ದೇರೆಬೈಲಿಗೆ ಬಂದೆವು. ಡಾಕ್ಟರಮ್ಮ ನಿವೃತ್ತರಾದರು. ನಾಲ್ಕು ವರ್ಷದ ಹಿಂದೆ ಬಲ್ಮಠದಲ್ಲಿ ಅವರನ್ನು ಕಂಡದ್ದೇ ಕೊನೆ. ಮಾತಿನ ನಡುವೆ ಎಲ್ಲಿಗೋ ಹೋಗಿಬಿಡುತ್ತಿದ್ದರು. ನಾನು ಯಾರೆಂದು ಗೊತ್ತಾಗಲಿಕ್ಕೆ ಹೊತ್ತು ಹಿಡಿಯಿತು. ನನ್ನ ಹೆಸರು ಬರಲೇ ಇಲ್ಲ. ಕೊನೆಗೆ ಕೈ ಹಿಡಿದುಕೊಂಡು, "ನೀನು ದೀಕ್ಷಾನ ಅಮ್ಮ ಅಲ್ವಾ?" ಎಂದರು. ಜಗತ್ತಿನಲ್ಲಿ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಅವರು ಹೋದದ್ದು ನನಗೆ ತಿಳಿದದ್ದು ಹೋಗಿ ಹತ್ತು ದಿನವಾದ ಮೇಲೆ, ಮೀನು ಕಟ್ಟಿಕೊಂಡು ತಂದ ಪೇಪರಿನಲ್ಲಿ. ಒದ್ದೆಯಾದ ಸಣ್ಣ ಫೋಟೋ, ಅದೇ ದಾರದ ಕನ್ನಡಕ. ಮಣ್ಣಿಗೂ ಹೋಗಲಿಲ್ಲ ನಾನು. ಇಷ್ಟು ಮಾಡಿದವರಿಗೆ ನಾನು ಮಾಡಿದ್ದು ಏನು? ಏನೂ ಇಲ್ಲ. ಆ ಸಂಕಟ ಇನ್ನೂ ಹೋಗಿಲ್ಲ...

ಮೊನ್ನೆ ಕಿಟಕಿ ಮುಚ್ಚಿ ಐದು ನಿಮಿಷ ನಿಂತಿದ್ದೆ. ಆಮೇಲೆ 'ಕೈಯಲ್ಲಿ ಇರುವುದನ್ನು ಬಿಡುವ' ಎಂದ ಅವರ ಮಾತು ನೆನಪಾಗಿ, ಸೆರಗಿಗೆ ಕೈ ಒರಸಿಕೊಂಡು ಎದುರುಮನೆಯ ಬೆಲ್ಲು ಒತ್ತಿದೆ. ಬಾಗಿಲು ತೆರೆದದ್ದು ಆ ಹುಡುಗಿಯೇ, ಹೆಗಲ ಮೇಲೆ ಮಗು. ಒಳಗೆ ಅವಳ ಅಮ್ಮ ಕೆಂಡದ ಬಟ್ಟಲು ಹಿಡಿದು ನಿಂತಿದ್ದರು. ಕೋಣೆ ತುಂಬ ಹೊಗೆ. ಎಲ್ಲಿಂದ ಶುರುಮಾಡುವುದು? ಅವರು ಶುರುಮಾಡಿದಲ್ಲಿಂದಲೇ ಮಾಡಿದೆ.

"ಮಗುವಿನ ಹೆಸರೆಂತ?"

ಆಮೇಲೆ ಎಲ್ಲರನ್ನೂ ಕೂರಿಸಿ ಎಂದೆ. ಮಗುವಿನ ಅಜ್ಜಿ, ಹುಡುಗಿ, ಮಗುವನ್ನು ನೋಡಲು ಬಂದಿದ್ದು ಈಗ ಕೋಣೆಯಿಂದ ಎದ್ದು ಬಂದ ಅವಳ ಗಂಡ. ಡಾಕ್ಟರಮ್ಮನಷ್ಟು ಚೆನ್ನಾಗಿ ನನಗೆ ಹೇಳಲಿಕ್ಕೆ ಬರಲಿಲ್ಲ. ಉರಿಯೂತ ಎಂದಾಗ ಅಳಿಯ ಮೊಬೈಲು ತೆಗೆದು ಹುಡುಕತೊಡಗಿದ. ಅಜ್ಜಿಯ ಮುಖ ಸಣ್ಣದಾಗುತ್ತಿದ್ದದ್ದನ್ನು ನೋಡಿ, ನಾನು ಎದ್ದು ಅವರ ಪಕ್ಕ ಹೋಗಿ ಕುಳಿತೆ. "ನೀವು ಪ್ರೀತಿಯಿಂದ ಮಾಡ್ತಾ ಇರುವುದು, ನನಗೆ ಗೊತ್ತುಂಟು. ಮೀಯಿಸುವುದು ಬಿಡಬೇಡಿ, ಹೊಗೆ ಮಾತ್ರ ಬಿಡಿ" ಎಂದೆ. ಅವರು ಬಟ್ಟಲನ್ನು ಬಾಲ್ಕನಿಗೆ ಒಯ್ದು ನೀರು ಸುರಿದರು.

ಹುಡುಗಿ ಕೇಳಿದಳು: "ಇದೆಲ್ಲ ನಿಮಗೆ ಹೇಗೆ ಗೊತ್ತು ಆಂಟಿ? ನಿಮಗೆ ಒಬ್ಬಳೇ ಮಗಳಲ್ವಾ?"

"ಅಲ್ಲ, ಇಬ್ಬರು" ಎಂದೆ. "ದೊಡ್ಡವಳ ಹೆಸರು ದೀಕ್ಷಾ."

ಇಪ್ಪತ್ತು ವರ್ಷ ಬೇಕಾಯಿತು ಅದನ್ನು ಹೇಳಲಿಕ್ಕೆ. ಹೇಳಿ ಹೊರಗೆ ಬಂದು, ನನ್ನ ಮನೆಯ ಬಾಗಿಲ ಮುಂದೆ ಕೀಲಿ ಹುಡುಕುತ್ತ ನಿಂತಾಗ, ಮೊದಲು ನೆನಪಾದದ್ದು ಇದನ್ನು ಡಾಕ್ಟರಮ್ಮನಿಗೆ ಫೋನು ಮಾಡಿ ತಿಳಿಸಬೇಕು ಎಂದು.